ಸುಮ್ಮಸುಮ್ಮನ ಬೀಳತದ ಅನ್ನಬ್ಯಾಡ್ರಿ

"ವೈನಿ, ಆ ಡಬ್ಬಿ ಸುಮ್ಮಸುಮ್ಮನ ಬೀಳತಿತ್ತರೀ. ಕರೆಂಟಿನವನ್ನ ಕರದು ತಗಸಿ ಡೈರೆಕ್ಟ್ ಮಾಡಿಸಿಬಿಟ್ವಿ. ಈಗ ಆರಾಮ ಅದ." ಈ ಮಾತು ಈಗ ಮನಿಮನ್ಯಾಗ ಕೇಳತದ. ಆರಾಮ ಯಾರಿಗದ ಅಂತ ನಾ ಕೇಳತೀನಿ. ಸೋರೋ ಕರೆಂಟಿಗೆ ಆರಾಮ ಅದ, ನಮಗಲ್ಲ.

ನಾವೆಲ್ಲ ಇಎಲ್‌ಸಿಬಿ ಅಂತೀವಿ, ಈಗಿನ ಡಬ್ಬಿ ಮ್ಯಾಲ ಆರ್‌ಸಿಸಿಬಿ ಅಂತ ಬರದಿರತದ. ಅದರ ಕೆಲಸ ಒಂದೇ, ಲೆಕ್ಕ ನೋಡೋದು. ಫೇಸ್ ತಂತಿಯಿಂದ ಎಷ್ಟು ಹೋತೋ ನ್ಯೂಟ್ರಲ್‌ನಿಂದ ಅಷ್ಟೇ ತಿರುಗಿ ಬರಬೇಕು. ಕಡಿಮಿ ಬಂತಂದ್ರ, ಆ ಕಡಿಮಿ ಆದದ್ದು ಎಲ್ಲೋ ನೆಲಕ್ಕ ಇಳದದ ಅಂತ ಅರ್ಥ: ಗೀಜರಿನ ಮೈಯಿಂದ, ಹಸಿ ಗೋಡಿಯಿಂದ, ಇಲ್ಲಾ ನಮ್ಮ ಮೈಯಿಂದ. ಮನುಷ್ಯಾರ ಜೀವ ಕಾಯೋ ಡಬ್ಬಿ 30 ಮಿಲಿ ಆಂಪಿಯರಿನದು. ಅಷ್ಟು ಸೋರೋದ್ರೊಳಗ ಅದು ಬೀಳಲೇಬೇಕು. ಬಿದ್ರ ಅದರ ತಪ್ಪಲ್ಲ, ಅದು ಹೇಳಿದ ಸುದ್ದಿ ಕೇಳಬೇಕು.

"ಎಂಸಿಬಿ ಅದಲ್ಲ, ಸಾಕು" ಅನ್ನವರೂ ಇದ್ದಾರ. ಎಂಸಿಬಿ ಕಾಯೋದು ತಂತಿನ್ನ. 16 ಆಂಪಿಯರ್ ಎಂಸಿಬಿ ಅಂದ್ರ 16,000 ಮಿಲಿ ಆಂಪಿಯರ್, 30ರ ಐನೂರು ಪಟ್ಟಿಗಿಂತ ಹೆಚ್ಚು. ನಾವು ಅಲ್ಲೇ ಒದ್ದಾಡಿದ್ರೂ ಅದಕ್ಕ ಗೊತ್ತಾಗೂದಿಲ್ಲ. "ಅರ್ಥಿಂಗ್ ಛಲೋ ಅದ" ಅಂತಾರ. ಇರಲಿ, ಬೇಕೇ ಬೇಕು. ಆದ್ರ ಬ್ಯಾಸಿಗ್ಯಾಗ ಅರ್ಥಿಂಗ್ ಕುಣಿ ಒಣಗಿದ್ರ ಅದರ ಶಕ್ತಿ ಕುಂದತದ. ಎರಡೂ ಇರಬೇಕು.

ನನಗ ಸಿಟ್ಟು ಬರೋದು ಇನ್ನೊಂದಕ್ಕ. ಡೈರೆಕ್ಟ್ ಮಾಡಸ್ರಿ ಅನ್ನೋದು ಟಿವಿ ಮುಂದ ಕೂತವರು. ಹಸಿ ಕೈಲೆ ಮಿಕ್ಸರ್ ಹಚ್ಚೋದು, ಬಚ್ಚಲದಾಗ ಬರಿಗಾಲಿಲೆ ನಿಂತು ವಾಷಿಂಗ್ ಮಷೀನ್ ಮುಟ್ಟೋದು, ಸಂಪಿನ ಮೋಟಾರ್ ಚಾಲೂ ಮಾಡೋದು ಯಾರು? ನಾವು. ಜೀವ ನಮ್ಮದು, ಬೋರ್ಡಿನ ಕಾರಭಾರ ಮಾತ್ರ ಗಂಡಸ್ರದು. ಇದು ಯಾವ ನ್ಯಾಯ?

ಅದು ಯಾಕ ಬೀಳತದ ಅಂತ ಹುಡುಕೋದು ಬ್ರಹ್ಮವಿದ್ಯಾ ಏನಲ್ಲ. ಕೈ ಒಣಾ ಇರಲಿ, ಕಾಲಾಗ ಚಪ್ಪಲ್ ಇರಲಿ. ಮೊದಲು ಎಲ್ಲಾ ಪ್ಲಗ್ ಕಿತ್ತಿಡ್ರಿ. ಸ್ವಿಚ್ ಆರಿಸಿದ್ರ ಸಾಲದು, ಸ್ವಿಚ್ ಕಡಿಯೋದು ಫೇಸ್ ಒಂದನ್ನ, ನ್ಯೂಟ್ರಲ್ ಹಂಗೇ ಕೂಡಿರತದ. ಆಮೇಲೆ ಎಂಸಿಬಿ ಎಲ್ಲಾ ಕೆಳಗಿಳಿಸಿ ಡಬ್ಬಿ ಏರಿಸ್ರಿ. ನಿಂತ್ರ ಒಂದೊಂದೇ ಎಂಸಿಬಿ ಏರಿಸ್ಕೋತ ಹೋಗ್ರಿ. ಯಾವುದು ಏರಿಸಿದಾಗ ಬಿತ್ತೋ ಆ ದಾರ್ಯಾಗ ದೋಷ ಅದ. ಎಲ್ಲಾನೂ ನಿಂತ್ರ ಈಗ ಒಂದೊಂದೇ ಸಾಮಾನು ಹಚ್ಚಿ ಚಾಲೂ ಮಾಡ್ರಿ. ಹಳೇ ಗೀಜರಿನ ಕಾಯಿಲ್, ಫ್ರಿಜ್, ನೀರು ಹೊಕ್ಕ ಮೋಟಾರ್, ಮಳಿಗೆ ತೊಯ್ದ ಅಂಗಳದ ಲೈಟ್, ಹೆಚ್ಚಾಗಿ ಕಳ್ಳ ಇವರೊಳಗೇ ಸಿಗತಾನ. ಸಿಕ್ಕದ್ದನ್ನ ರಿಪೇರಿ ಆಗೋತನಕ ಮುಟ್ಟಬ್ಯಾಡ್ರಿ.

ಎಲ್ಲಾ ಇಳಿಸಿದ್ರೂ ಡಬ್ಬಿ ನಿಲ್ಲಲಿಲ್ಲ ಅಂದ್ರ ಗೋಡ್ಯಾಗ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರಬಹುದು, ಇಲ್ಲಾ ಡಬ್ಬಿನೇ ಕೆಟ್ಟಿರಬಹುದು. ಇನ್ವರ್ಟರ್ ಕೂಡಿಸಿದ ದಿನದಿಂದ ಬೀಳಲಿಕ್ಕೆ ಹತ್ತಿದ್ರ, ಅದರ ನ್ಯೂಟ್ರಲ್ ಬ್ಯಾರೆ ದಾರಿಗೆ ಕೂಡಿಸ್ಯಾರೇನು ನೋಡಸ್ರಿ. ಇದು ಕರೆಂಟಿನವನ ಕೆಲಸ. 500 ವೋಲ್ಟಿನ ಮೆಗ್ಗರ್ ಹಚ್ಚಿ ತಂತಿ ನೋಡು ಅಂತ ಹೇಳ್ರಿ. ಕಂಪ್ಯೂಟರ್, ಟಿವಿ ಅದಕ್ಕಿಂತ ಮೊದಲೇ ಬಿಚ್ಚಿಟ್ಟಿರಬೇಕು. ಹುಡುಕಲಿಕ್ಕೆ ತಾಸುಗಟ್ಟಲೆ ಹಿಡೀಬಹುದು, ಡೈರೆಕ್ಟ್ ಮಾಡಲಿಕ್ಕೆ ಐದು ನಿಮಿಷ ಸಾಕು. ಅದಕ್ಕೇ ಅವರು ಡೈರೆಕ್ಟ್ ಅಂತಾರ.

ಒಂದು ಮಾತು ಒಪ್ಪತೀನಿ. ಇಡೀ ಮನಿಗೆ ಒಂದೇ ಡಬ್ಬಿ ಇದ್ರ ಊರಿಗೆ ಹೋದಾಗ ಬಿದ್ದು ಫ್ರಿಜ್ಜಿನಾಗಿಂದೆಲ್ಲಾ ಹಳಸತದ. ಒಂದೊಂದು ಸಾಮಾನಿನಿಂದ ಚೂರು ಚೂರು ಸೋರಿದ್ದು ಕೂಡಿಯೂ ಬೀಳಬಹುದು. ಅದಕ್ಕ ಮದ್ದು, ದಾರಿ ಒಡದು ಎರಡು ಡಬ್ಬಿ ಹಚ್ಚಸೋದು. ತಗಿಯೋದಲ್ಲ. ಮನಿಗೆಲ್ಲ ಕೂಡೇ 100 ಇಲ್ಲಾ 300ರದ್ದು ಒಂದೇ ಹಚ್ಚತೀನಿ ಅಂದ್ರ ಬ್ಯಾಡ ಅನ್ರಿ, ಅದು ಜೀವಕ್ಕ ಸಾಲದು. ಐಎಸ್ 12640 ಅಂತ ಬರದದ್ದು ನೋಡಿ ತಗೋರಿ.

ಖಂಡೇಪೂಜಿಗೆ ಬೋರ್ಡಿಗೂ ಕುಂಕುಮ ಹಚ್ಚತೀವಿ, ಆದ್ರ ಅದರ ಮ್ಯಾಲಿನ 'ಟಿ' ಗುಂಡಿ ಒತ್ತವರು ಎಷ್ಟು ಮಂದಿ? ತಿಂಗಳಾ ಅಮಾಸಿಗೆ ಗಾಡಿ ತೊಳೀತೀವಲ್ಲ, ಅವತ್ತೇ ಒತ್ತರಿ. ಕಂಪ್ಯೂಟರ್ ಗಿಂಪ್ಯೂಟರ್ ಬಂದ್ ಮಾಡಿ, ಕರೆಂಟ್ ಇದ್ದಾಗ ಒತ್ತಬೇಕು. ಟಕ್ಕನೆ ಬೀಳಬೇಕು. ಬೀಳಲಿಲ್ಲೋ, ಅದು ಗ್ವಾಡಿಗೆ ಹಚ್ಚಿದ ಬೊಂಬಿ, ಅವತ್ತೇ ಬದಲಸ್ರಿ. ಗುಂಡಿ ಹೇಳೋದು ಡಬ್ಬಿ ಸುದ್ದಿ ಅಷ್ಟೇ, ಅರ್ಥಿಂಗಿನದಲ್ಲ. ಅದಕ್ಕ ವರ್ಷಕ್ಕೊಮ್ಮೆ ಮೀಟರ್ ಹಚ್ಚಿ ನೋಡಸ್ರಿ: 15 ಮಿಲಿ ಆಂಪಿಯರಿಗೆ ಬೀಳಬಾರದು, 30ಕ್ಕ ಬೀಳಲೇಬೇಕು, ಅದೂ 300 ಮಿಲಿಸೆಕೆಂಡಿನೊಳಗ.

ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಹಿಡದ್ರ ಇದೂ ಕಾಯೂದಿಲ್ಲ, ಅದು ನೆನಪಿರಲಿ. ಆದ್ರ ಕಾಯೋದನ್ನ ನಮ್ಮ ಕೈಯಾರೆ ಕಿತ್ತು ಒಗಿಯೋದು ಬ್ಯಾಡ. ನಾಳೆ ಯಾರರ "ಡೈರೆಕ್ಟ್ ಮಾಡಲೇನ್ರಿ ಅಕ್ಕಾರ?" ಅಂದ್ರ, "ಮೊದಲು ಎಲ್ಲಿ ಸೋರತದ ತೋರಿಸು, ಆಮೇಲೆ ರೊಕ್ಕ" ಅನ್ರಿ.