ಬೆಳೆ ಕೈಕೊಟ್ಟರೆ ಎಂಬ ಅಂಕಣ ಎಲ್ಲಿ?

ಬೆಳೆಗಾರರ ಪತ್ರಿಕೆಯಲ್ಲಿ ಕಂಪ್ಯೂಟರ್ ಆಟದ ಮಾತೇಕೆ ಎಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಮನೆಯ ಹುಡುಗರು ಆಡುವುದನ್ನು ಕಂಡು ಗದರುವವರ ಸಾಲಿನವನೇ ನಾನೂ. ಆದರೂ ‘ಡ್ವಾರ್ಫ್ ಫೋರ್ಟ್ರೆಸ್’, ಅಂದರೆ ಕುಳ್ಳರ ಕೋಟೆ ಎಂಬ ಆಟದ ವಿಚಾರ ಬಂಧುಗಳ ಮುಂದಿಡುವಂಥದ್ದು. ಅಮೆರಿಕದ ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಇದನ್ನು 2006ರಲ್ಲಿ ಹೊರತಂದರು. ಬಹುಕಾಲ ಬಿಟ್ಟಿಯಾಗಿ ಹಂಚಿ, ಆಡುವವರು ಕೊಟ್ಟ ಕಾಣಿಕೆಯ ಮೇಲೆಯೇ ಕೆಲಸ ಸಾಗಿಸಿದರು. ಚಿತ್ರಗಳ ಸಹಿತ ಮಾರಾಟಕ್ಕೆ ಬಂದದ್ದು 2022ರ ಡಿಸೆಂಬರಿನಲ್ಲಿ.

ಏಳು ಮಂದಿ ಕುಳ್ಳರು, ಒಂದು ಗಾಡಿ ಸಾಮಾನು. ಗುಡ್ಡ ಕೊರೆದು ಕೋಟೆ ಕಟ್ಟಬೇಕು, ನೆಲದಡಿ ಅಣಬೆ ಬೆಳೆಯಬೇಕು, ವೈರಿಯನ್ನು ತಡೆಯಬೇಕು. ಸೋಜಿಗವೆಂದರೆ ಇದರಲ್ಲಿ ಗೆಲುವು ಎಂಬುದೇ ಇಲ್ಲ. ಆಡಿದಷ್ಟು ದಿನ ಕೋಟೆ ನಿಂತರೆ ಅದೇ ಲಾಭ. ‘ಸೋಲುವುದೇ ಮೋಜು’ ಎಂಬುದು ಅವರ ಘೋಷಣೆ.

ಬೀಳುವ ಬಗೆಗಳನ್ನು ಕೇಳಿ. ಹೊಳೆಯಿಂದ ನೀರು ತರಲು ಸುರಂಗ ತೋಡಿದವನು ನಡುವೆ ತೂಬು ಇಡದಿದ್ದರೆ ಕೋಟೆಯೇ ಮುಳುಗುತ್ತದೆ. ಅಣಬೆಯನ್ನು ಹಸಿಯಾಗಿ ತಿಂದರೆ, ಹೆಂಡಕ್ಕೆ ಹಾಕಿದರೆ ಬೀಜ ಉಳಿಯುತ್ತದೆ. ಬೇಯಿಸಿದರೆ ಬೀಜವೂ ಹೋಯಿತು. ಭರ್ಜರಿ ಅಡುಗೆಯಾದ ವರ್ಷ ಎಲ್ಲರೂ ಸಂತೋಷ, ಆಮೇಲೆ ಬಿತ್ತಲು ಬೀಜವಿಲ್ಲ. ಇನ್ನು ಒಬ್ಬ ಸತ್ತರೆ ಅವನ ಗೆಳೆಯ ದುಃಖದಲ್ಲಿ ಮತ್ತೊಬ್ಬನ ಮೇಲೆ ಕೈಮಾಡುತ್ತಾನೆ, ಅದರಿಂದ ಇನ್ನೊಂದು ಸಾವು. ಹೀಗೆ ಶತ್ರು ಬಾಗಿಲಿಗೆ ಬರುವ ಮುನ್ನವೇ ಒಳಗಿನಿಂದ ಕುಸಿದ ಕೋಟೆಗಳೂ ಉಂಟಂತೆ. ಆದ್ದರಿಂದ ಪಳಗಿದವರು ಸುರಂಗ ತೋಡುವ ಮೊದಲೇ ತೂಬು ಕೂರಿಸುತ್ತಾರೆ, ಬೀಜ ತೆಗೆದಿಟ್ಟು ಒಲೆ ಹಚ್ಚುತ್ತಾರೆ, ಒಂದು ಭಾಗ ಹೋದರೆ ಇನ್ನೊಂದು ಉಳಿಯಲೆಂದು ಕೋಟೆಯೊಳಗೇ ಬಾಗಿಲು ಹಾಕಿಡುತ್ತಾರೆ.

ಸೋಲಿನ ಮಾತೆತ್ತುವುದು ಅಪಶಕುನ ಎನ್ನುವವರಿದ್ದಾರೆ. ಹಾಗಾದರೆ ಕೊಳೆರೋಗ ಕಾಣುವ ಮೊದಲೇ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದೇಕೆ? ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವುದೇಕೆ? ತೋಟದೊಳಗೆ ಈ ಬುದ್ಧಿ ನಮಗೆ ಚೆನ್ನಾಗಿಯೇ ಇದೆ. ತೋಟದ ಗೇಟು ದಾಟಿ ಹಣದ ವಿಷಯಕ್ಕೆ ಬಂದಾಗ ಮಾತ್ರ ಮಾಯವಾಗುತ್ತದೆ. ಒಳ್ಳೆಯ ಧಾರಣೆ ಬಂದ ವರ್ಷವೇ ಜೀಪು, ಮನೆಯ ಮೇಲೊಂದು ಮಹಡಿ, ಜೊತೆಗೆ ಅದೇ ಧಾರಣೆ ನಂಬಿ ಮುಂದಿನ ಸಾಲ. ಅಣಬೆಯನ್ನೆಲ್ಲ ಬೇಯಿಸಿದಂತೆಯೇ ಸರಿ.

1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತು ಪ್ರಪಂಚದ ಪೇಟೆಯಲ್ಲಿ ಬೆಲೆ ಕುಸಿಯಿತು. ತೋಟದಲ್ಲಿ ಯಾರ ತಪ್ಪೂ ಇರಲಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಕಾಫಿ ತೋಟಗಳನ್ನು ಕೊಚ್ಚಿಕೊಂಡು ಹೋದವು.

ಆಟದವರ ಘೋಷಣೆಯನ್ನು ನಾನು ಒಪ್ಪುವುದಿಲ್ಲ. ಅವರ ಕೋಟೆ ಬಿದ್ದರೆ ರಾತ್ರಿ ಊಟದ ಹೊತ್ತಿಗೆ ಹೊಸದು ಕಟ್ಟಬಹುದು. ನಮ್ಮ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಸಾಲದ ಕಂತು ಅಷ್ಟು ಕಾಯುವುದಿಲ್ಲ. ನಮಗೆ ಬೇಕಾದ್ದು ಅವರ ಮೋಜಲ್ಲ, ಅವರ ತೂಬು.

ಸಾಲದ ಅರ್ಜಿಗಳಲ್ಲಿ ‘ನಿರೀಕ್ಷಿತ ಇಳುವರಿ’ ಎಂಬ ಅಂಕಣ ನೋಡಿದ್ದೇನೆ. ಅರ್ಧವೇ ಬಂದರೆ ಕಂತು ಎಲ್ಲಿಂದ ಎಂದು ಕೇಳುವ ಅಂಕಣ ಕಂಡಿಲ್ಲ. ಕಾಳುಮೆಣಸೋ, ಠೇವಣಿಯೋ, ಎರಡು ಹಸುವೋ, ಏನಾದರೂ ಒಂದು ಬರೆಯಬೇಕಾದೀತು. ಬರೆಯಲು ಏನೂ ಇಲ್ಲದವರಿಗೆ ಸಾಲ ತೆಗೆಯುವ ಮುಂಚೆಯೇ ಅದು ತಿಳಿದೀತು. ನಮ್ಮ ಸಂಘದ ಅರ್ಜಿಗೆ ಈ ಒಂದು ಸಾಲು ಸೇರಿಸಬೇಕೆಂದು ಬರುವ ಸರ್ವಸದಸ್ಯರ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇನೆ. ಅನುಮೋದಿಸುವವರು ಮುಂಚಿತವಾಗಿ ಕಾರ್ಯದರ್ಶಿಯವರಿಗೆ ತಿಳಿಸಿದರೆ ಅನುಕೂಲ.