ಇಲ್ಲವೆಂಬುದಕ್ಕೊಂದು ಪತ್ರ

ಹಳ್ಳಿಯ ಮನೆಯ ನಡುಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ, ಹರಳೆಣ್ಣೆಯ ದೀಪದ ಬೆಳಕಿನಲ್ಲಿ ಜನಿಸಿ, ಊರವರೆಲ್ಲ ಕಂಡಂತೆ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು ಸಾಕಿ, ಗಂಡನನ್ನು ಕಳೆದುಕೊಂಡು, ಅರುವತ್ತಾರರ ಹೊಸ್ತಿಲಿಗೆ ಬಂದ ಹೆಂಗಸೊಬ್ಬಳು ತಾನು ಹುಟ್ಟಿದ್ದು ನಿಜವೆಂಬುದನ್ನು ಕಾಗದದ ಮೂಲಕ ಸಾಧಿಸಿ ತೋರಿಸಬೇಕಾದ ಪ್ರಸಂಗ ಒದಗೀತೆಂದು ಆ ಸೂಲಗಿತ್ತಿಯಾಗಲಿ, ಹೊರಗೆ ಜಗಲಿಯ ಮೇಲೆ ಕುಳಿತು ಪಂಚಾಂಗವನ್ನು ತಿರುವುತ್ತಿದ್ದ ನಮ್ಮ ಅಜ್ಜನಾಗಲಿ ಊಹಿಸಿರಲಾರರು. ನನ್ನ ಅಕ್ಕನಿಗೆ ಒದಗಿದ್ದು ಅದೇ ಪ್ರಸಂಗ. ಅವಳೀಗ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳನ್ನು ಅಲ್ಲಿಗೆ ಕಳುಹಿಸುವ ಮುನ್ನ ಕಾಗದಪತ್ರಗಳಿಗಾಗಿ ನಾವು ಅಲೆದ ಎಂಟು ತಿಂಗಳಲ್ಲಿ ನನಗೆ ಮನದಟ್ಟಾದುದನ್ನು, ಇಂಥ ಅಲೆದಾಟಕ್ಕೆ ಸಿದ್ಧವಾಗುತ್ತಿರುವ ಮನೆಗಳು ನಾಡಿನಲ್ಲಿ ಅನೇಕವಿರುವುದರಿಂದ, ಬಹಿರಂಗವಾಗಿ ಹೇಳಬೇಕೆನಿಸಿದೆ.

ಆ ದೇಶದ ಪೌರತ್ವವನ್ನು ಪಡೆದು ಇಪ್ಪತ್ತೊಂದು ವರ್ಷ ತುಂಬಿದ ಮಗನಾಗಲಿ ಮಗಳಾಗಲಿ ತಂದೆತಾಯಿಗಳನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವುದಕ್ಕೆ ಸಂಖ್ಯೆಯ ಮಿತಿಯಿಲ್ಲ. ಒಡಹುಟ್ಟಿದವರ ವರ್ಗಕ್ಕಿರುವ ವರ್ಷಕ್ಕೆ 65,000ದ ಕಟ್ಟೂ, ಅದರಿಂದ ಭಾರತೀಯರು ಹದಿನೈದು ವರ್ಷಕ್ಕೂ ಮೀರಿ ಸರದಿಗಾಗಿ ಕಾಯಬೇಕಾದ ಕಷ್ಟವೂ ಇವರಿಗಿಲ್ಲ. ಮಗನು ಐ-130 ಅರ್ಜಿಯನ್ನು ಸಲ್ಲಿಸಿ, ಅದು ಮಂಜೂರಾದ ಮೇಲೆ, ಅಲ್ಲಿನ ಸರ್ಕಾರ ಗೊತ್ತುಪಡಿಸಿದ ಬಡತನದ ಮಟ್ಟದ ಶೇಕಡಾ 125ಕ್ಕೆ ಕಡಮೆಯಿಲ್ಲದ ವರಮಾನ ತನಗುಂಟೆಂದು ಐ-864 ನಮೂನೆಯಲ್ಲಿ ಹೊಣೆ ಹೊತ್ತು ರುಜು ಮಾಡುತ್ತಾನೆ. ತಾಯಿಯ ಪಾಲಿನ ಕೆಲಸ ಅಷ್ಟು ಸುಲಭವಲ್ಲ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಮದುವೆಯ ನೋಂದಣಿ, ಗಂಡನ ಮರಣ ಪ್ರಮಾಣಪತ್ರ, ಕನ್ನಡದಲ್ಲಿದ್ದವುಗಳಿಗೆಲ್ಲ ಭಾಷಾಂತರಕಾರನು ತಾನು ಸಮರ್ಥನೆಂದು ಬರೆದು ಸಹಿ ಹಾಕಿದ ಇಂಗ್ಲಿಷ್ ಅನುವಾದ, ಇವು ತಡವಾಗಿಯಾದರೂ ಕೈಸೇರಿದುವು. ಶಾಲೆಯ ದಾಖಲೆಯಲ್ಲಿ ತಂದೆಯ ಇನಿಷಿಯಲ್, ಮತದಾರರ ಚೀಟಿಯಲ್ಲಿ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಅಂಕಣವೇ ಖಾಲಿ. ಹೀಗೆ ಮೂರು ಕಡೆ ಮೂರು ಬಗೆಯಾಗಿದ್ದವಳು ಒಬ್ಬಳೇ ಎಂದು ತೋರಿಸುವುದಕ್ಕೂ ಒಂದು ಅಫಿಡವಿಟ್ಟಿನಿಂದ ದಾರಿಯಾಯಿತು. ಮುಂದೆ ಸಾಗದೆ ನಿಂತದ್ದು ಜನನ ಪ್ರಮಾಣಪತ್ರ.

ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಒಂದೇ ಕಟ್ಟಿಗೆ ತಂದ ಅಧಿನಿಯಮವು 1969ರದು. ದೇಶದ ಬಹುಭಾಗದಲ್ಲಿ ಅದು ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೆ ಹಿಂದೆ ನಮ್ಮ ಹಳ್ಳಿಗಳ ಲೆಕ್ಕಪತ್ರವೆಲ್ಲ ಶಾನುಭೋಗರ ಕೈಯಲ್ಲಿತ್ತು. ಪಟೇಲ ಶಾನುಭೋಗರ ವಂಶಪಾರಂಪರ್ಯ ಅಧಿಕಾರವನ್ನು ರದ್ದುಗೊಳಿಸಿದ 1961ರ ಕಾನೂನು 1963ರಲ್ಲಿ ಜಾರಿಯಾಗಿ ಹಳೆಯ ಕಟ್ಟುಗಳು ಕೈಬದಲಾದಾಗ, ನಮ್ಮೂರಿನವುಗಳಲ್ಲಿ ಅರ್ಧ ತಾಲ್ಲೂಕು ಕಚೇರಿಯನ್ನು ಸೇರಿದುವು, ಮಿಕ್ಕ ಅರ್ಧ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದುವು. ಆ ಕಾಲದವರಿಗೆ ಜನನದ ದಾಖಲೆ ದುರ್ಲಭವೆಂಬುದನ್ನು ಅಮೆರಿಕದ ಕಾನ್ಸುಲೇಟಿನವರು ಬಲ್ಲರು. ಆದುದರಿಂದಲೇ ಅಸಾಧ್ಯವಾದುದನ್ನು ಅವರು ಕೇಳುವುದಿಲ್ಲ. ರಿಜಿಸ್ಟರನ್ನು ಹುಡುಕಲಾಗಿ ದಾಖಲೆ ದೊರೆಯಲಿಲ್ಲವೆಂದು ಸಂಬಂಧಪಟ್ಟ ಅಧಿಕಾರಿಯು ಕೊಡುವ ಅಲಭ್ಯತಾ ಪ್ರಮಾಣಪತ್ರ, ಅದರೊಡನೆ ಶಾಲೆಯ ದಾಖಲೆಯಂಥ ಪೋಷಕ ಸಾಕ್ಷ್ಯ, ಮತ್ತು ಆ ಜನನವನ್ನು ಸ್ವತಃ ಬಲ್ಲ ಹಿರಿಯ ಬಂಧುಗಳ ಅಫಿಡವಿಟ್, ಇವನ್ನು ಅವರು ಪರಿಗಣಿಸುತ್ತಾರೆ.

ಆ ಅಲಭ್ಯತಾ ಪತ್ರಕ್ಕಾಗಿ ನಾವು ಒಂದು ತಾಲ್ಲೂಕು ಕಚೇರಿಗೆ ಏಳು ಸಲ ಹೋದೆವು. “ಇದ್ದದ್ದಕ್ಕೆ ಸರ್ಟಿಫಿಕೇಟು ಕೊಡಬಹುದು ಸಾರ್, ಇಲ್ಲದ್ದಕ್ಕೆ ಏನಂತ ಕೊಡೋದು?” ಎಂದರು ಗುಮಾಸ್ತರು. ಅವರ ಮಾತಿನಲ್ಲಿ ಒರಟುತನವಿರಲಿಲ್ಲ. ತಮಗೆ ಯಾರೂ ಹೇಳಿಕೊಡದ ಕೆಲಸವನ್ನು ಎದುರಿಗಿಟ್ಟರೆ ಸಜ್ಜನರಿಗಾಗುವ ಸಂಕೋಚವೇ ಇತ್ತು. ಕೋರ್ಟಿಗೆ ಹೋಗಿ ಆಜ್ಞೆ ತನ್ನಿರೆಂದು ಒಬ್ಬರು, ಪಂಚಾಯಿತಿಗೆ ಹೋಗಿರೆಂದು ಇನ್ನೊಬ್ಬರು. ಹೊರಗೆ ಹುಣಿಸೆಯ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದಾತನೊಬ್ಬ ಮಾತ್ರ, “ಹುಟ್ಟಿದ ಸರ್ಟಿಫಿಕೇಟನ್ನೇ ಮಾಡಿಸಿಕೊಡ್ತೀನಿ, ಯಾಕೆ ಅಲೀತೀರಿ?” ಎಂದ. ಅಂಥ ಕಾಗದದ ಸುಳ್ಳು ಬಯಲಾದರೆ ಆ ದೇಶದ ಬಾಗಿಲು ಜೀವಮಾನಪರ್ಯಂತ ಮುಚ್ಚಿಹೋಗಬಹುದು. ಆದರೆ ನನ್ನನ್ನು ಕಲಕಿದ್ದು ಆ ಭಯಕ್ಕಿಂತ ಮಿಗಿಲಾಗಿ, ಕಚೇರಿಯ ಒಳಗೆ ನಿಜವನ್ನು ಬರೆಯಿಸಿಕೊಳ್ಳಲು ಏಳು ಸಲ ಬರಬೇಕಾದ ಕಡೆಯಲ್ಲಿ, ಹತ್ತು ಮಾರು ಆಚೆಗೆ ಸುಳ್ಳು ಅರ್ಧ ದಿನದಲ್ಲಿ ಸಿದ್ಧವಾಗುತ್ತದೆಂಬ ಸ್ಥಿತಿ.

ಏಳನೆಯ ಸಲ ಆ ಗುಮಾಸ್ತರೇ ನಮ್ಮನ್ನು ರೆಕಾರ್ಡ್ ರೂಮಿಗೆ ಕರೆದುಕೊಂಡು ಹೋದರು. ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ, ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ಉಸಿರು ಬಿಗಿಹಿಡಿದು ಎರಡು ಬೆರಳುಗಳಿಂದ ತಿರುವಿದರು. ಅಕ್ಕ ಹುಟ್ಟಿದ 1958ರ ನಮ್ಮೂರಿನ ಪುಟಗಳು ಆಗಸ್ಟಿನವರೆಗೆ ಬಂದು, ಅಲ್ಲಿಂದ ಮುಂದೆ ಹೊಲಿಗೆಯ ದಾರ ಮಾತ್ರ ಉಳಿದಿತ್ತು. ಅವರು ಆ ದಾರವನ್ನು ಸ್ವಲ್ಪ ಹೊತ್ತು ನೋಡಿ, “ಬರೆದುಕೊಡ್ತೀನಿ ಸಾರ್” ಎಂದರು.

1969ರ ಆ ನೋಂದಣಿ ಅಧಿನಿಯಮದ 17ನೆಯ ಪ್ರಕರಣವು ರಿಜಿಸ್ಟರನ್ನು ಹುಡುಕಿಸುವ ಹಕ್ಕನ್ನು ಯಾರಿಗೇ ಆಗಲಿ ಕೊಟ್ಟಿದೆ; ಹುಡುಕಿಯೂ ಕಾಣದಿದ್ದರೆ ಹಾಗೆಂದು ಬರೆದುಕೊಡುವುದಕ್ಕೆ ನಿಯಮಾವಳಿಯಲ್ಲಿ ನಮೂನೆಯೂ ಇದೆ. ಹೀಗಿರುವಾಗ, ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿ 2011ರಲ್ಲಿಯೇ ಸಕಾಲ ಕಾಯಿದೆಯನ್ನು ಮಾಡಿಕೊಂಡ ನಮ್ಮ ರಾಜ್ಯದಲ್ಲಿ, ಆ ನಮೂನೆಯನ್ನೂ ಅದರ ಶುಲ್ಕವನ್ನೂ ದಿನಗಳ ಮಿತಿಯನ್ನೂ ಪ್ರತಿಯೊಂದು ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸುವುದು ಅಸಾಧ್ಯವೇನಲ್ಲ. ಉಳಿದಿರುವ ಹಳೆಯ ಪುಟಗಳ ಸ್ಕ್ಯಾನ್ ಪ್ರತಿಗಳನ್ನು ಅವು ಪುಡಿಯಾಗುವ ಮೊದಲೇ ತೆಗೆಯಿಸಬೇಕು. ನಮ್ಮೂರಿನ ಆಗಸ್ಟಿನವರೆಗಿನ ಪುಟಗಳಲ್ಲಿ ಹೆಸರಿರುವವರಲ್ಲಿ ಕೆಲವರಾದರೂ ಇನ್ನೂ ಬದುಕಿದ್ದಾರೆ.

ಇನ್ನು ಅಫಿಡವಿಟ್ಟಿನ ಮಾತು. ಅಕ್ಕನನ್ನು ಶಾಲೆಗೆ ಸೇರಿಸಿದ 1964ರ ಜೂನಿನಲ್ಲಿ ಅವಳಿಗೆ ಆರು ತುಂಬಿರಲಿಲ್ಲ. ಮೇಷ್ಟ್ರು ಮಗುವಿನ ಒಂದು ವರ್ಷ ವ್ಯರ್ಥವಾಗಬಾರದೆಂಬ ಪ್ರೀತಿಯಿಂದ 1-6-1958 ಎಂದು ಬರೆದುಕೊಂಡರು. ಅಲ್ಲಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ಕಾಗದಗಳೂ ಆ ತಾರೀಖನ್ನೇ ನಕಲು ಮಾಡಿದುವು. ಅಜ್ಜನ ಪಂಚಾಂಗದ ಹಿಂಬದಿಯಲ್ಲಿ ಮಾತ್ರ ವಿಳಂಬಿ ಸಂವತ್ಸರದ ಕಾರ್ತಿಕ ಶುದ್ಧ ತ್ರಯೋದಶಿ ಎಂದಿದೆ. ಅಂದರೆ ನವೆಂಬರಿನ ಕಡೆಯ ಭಾಗ. ಆ ಜನನವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ಎಂಬತ್ನಾಲ್ಕರ ಸೋದರತ್ತೆ ಒಬ್ಬಳೇ. ನೋಟರಿಯವರ ಸಿದ್ಧ ಕರಡನ್ನು ಓದಿ ಹೇಳಿದಾಗ ಅವಳು ಶಾಯಿಯ ಪ್ಯಾಡಿನ ಬಳಿಯಿಂದ ಹೆಬ್ಬೆರಳನ್ನು ಹಿಂದಕ್ಕೆ ಸೆಳೆದುಕೊಂಡಳು. “ಜೂನಲ್ಲಿ ಎಲ್ಲಿ ಹುಟ್ಟಿದ್ಲಪ್ಪ? ತುಳಸಿ ಹಬ್ಬದ ಮಾರನೇ ದಿನ. ರಾಗಿ ಕುಯ್ಲು ನಡೀತಿತ್ತು. ನಿಮ್ಮಮ್ಮಂಗೆ ಹೊಲದಲ್ಲೇ ನೋವು ಕಾಣಿಸ್ಕೊಂಡು, ನಾನೇ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದೆ.”

ಕಾಗದಗಳೆಲ್ಲ ಒಂದೇ ತಾರೀಖನ್ನು ಹೇಳಿದರೆ ಒಳ್ಳೆಯದೆಂದು ಹಲವರು ಬುದ್ಧಿ ಹೇಳಿದರು; ಹದಿನೇಳರ ವಯಸ್ಸಿನಲ್ಲಿ ತಾನು ಕಂಡುದನ್ನು ಎಂಬತ್ನಾಲ್ಕರಲ್ಲಿ ದೇವರಾಣೆಯಾಗಿ ಅಲ್ಲವೆನ್ನುವಂತೆ ಒಬ್ಬ ವೃದ್ಧೆಯನ್ನು ಒತ್ತಾಯಿಸುವುದು ನನಗೆ ಸಮ್ಮತವಾಗಲಿಲ್ಲ. ಕರಡನ್ನು ಹೊಸದಾಗಿ ಬರೆಯಿಸಿದೆವು. ದಾಖಲೆಗಳಲ್ಲಿರುವ ತಾರೀಖು ಇಂಥದು, ಅದು ಶಾಲೆಗೆ ಸೇರಿಸುವಾಗ ಬರೆದುದು, ನಾನು ಸ್ವತಃ ಕಂಡುದು ಇಂಥ ಕಾಲದಲ್ಲಿ, ತಂದೆ ಇವರು, ತಾಯಿ ಇವರು ಎಂದು ಎರಡನ್ನೂ ಇದ್ದಂತೆ ಹೇಳಿಸಿದೆವು. ಮುಂಬಯಿಯ ಸಂದರ್ಶನದಲ್ಲಿ ಅಕ್ಕನನ್ನು ಅದರ ಬಗೆಗೆ ಕೇಳಿದರು, ಅವಳು ನಡೆದದ್ದನ್ನು ನಡೆದಂತೆಯೇ ಹೇಳಿದಳು, ವೀಸಾ ಬಂತು.

ಹೊಸ ಕರಡನ್ನು ಅತ್ತೆಗೆ ನಿಧಾನವಾಗಿ ಎರಡು ಸಲ ಓದಿ ಹೇಳಿದೆ. ಕೇಳಿ ಮುಗಿಸಿ, “ರಾಗಿ ಕುಯ್ಲು ಅಂತ ಹಾಕಿದೀಯಾ?” ಎಂದಳು. ಹಾಕಿರಲಿಲ್ಲ. ನೋಟರಿಯವರು ಬೇಸರಿಸದೆ ಆ ಎರಡು ಪದಗಳನ್ನು ಸೇರಿಸಿ ಹಾಳೆಯನ್ನು ಮತ್ತೆ ಟೈಪು ಮಾಡಿಸಿದ ಮೇಲೆ ಅವಳು ಹೆಬ್ಬೆರಳನ್ನು ಒತ್ತಿದಳು.