ಬಿಟ್ಟದ್ದು ಸಂಬಳವೋ, ಪಾಠವೋ?

ಉಪಾಧ್ಯಾಯ ವೃತ್ತಿಯನ್ನು ತೊರೆದು ರಾಜಕಾರಣಕ್ಕಿಳಿದವರು ನಮ್ಮ ನಾಡಿನಲ್ಲಿ ವಿರಳರಲ್ಲ. ಚುನಾವಣೆ ಬಂದಾಗಲೆಲ್ಲ ‘ನಾನೂ ಮೊದಲು ಮೇಷ್ಟ್ರಾಗಿದ್ದವನೇ’ ಎಂದು ಮತ ಯಾಚಿಸುವವರನ್ನು ವಾಚಕರು ಕಂಡೇ ಇದ್ದಾರೆ. ಅಂಥ ಮಹನೀಯರಲ್ಲಿ ನಮ್ಮದೊಂದು ಪ್ರಶ್ನೆಯುಂಟು: ತಾವು ಬಿಟ್ಟದ್ದು ಸಂಬಳವನ್ನೋ, ಪಾಠವನ್ನೋ?

ಈ ಪ್ರಶ್ನೆಗೆ ತಕ್ಕ ಉತ್ತರವನ್ನು ದಾವಣಗೆರೆ, ಹರಿಹರಗಳು ಹಿಂದೆಯೇ ಕಂಡಿವೆ. 1886ರಲ್ಲಿ ಬನವಾಸಿಯಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಶಿರಸಿಯಲ್ಲಿ ಉಪಾಧ್ಯಾಯರಾಗಿದ್ದರು. ವಂಗಭಂಗದ ಬಳಿಕ ಎದ್ದ ಸ್ವದೇಶೀ ಚಳವಳಿಯ ಕರೆ ಕಿವಿಗೆ ಬೀಳಲು ನೌಕರಿಗೆ ತಿಲಾಂಜಲಿಯಿತ್ತರು. 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ವಾರಪತ್ರಿಕೆಯನ್ನು ಹೊರಡಿಸಿದರು. ಆಗ ಅವರ ಪ್ರಾಯ 20! ಶಿರಸಿ ಮುಂಬಯಿ ಇಲಾಖೆಗೆ ಸೇರಿದ್ದು, ದಾವಣಗೆರೆ ಮೈಸೂರು ಸಂಸ್ಥಾನಕ್ಕೆ. ಕನ್ನಡಿಗರನ್ನು ಹರಿದು ಹಂಚಿದ್ದ ಆ ಗೆರೆಗಳು ಅಳಿಯಲು 1956ರ ನವೆಂಬರ್ 1 ಬರಬೇಕಾಯಿತು; ಈ ತರುಣನಾದರೋ ಅರ್ಧ ಶತಮಾನ ಮೊದಲೇ ಅವನ್ನು ಲೆಕ್ಕಿಸದೆ ದಾಟಿದನು.

1913ರಲ್ಲಿ ವಿರಕ್ತಮಠದ ಮೃತ್ಯುಂಜಯ ಅಪ್ಪಗಳೊಡಗೂಡಿ ಅವರು ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಇಂದು ಆ ದಿನ ವೇದಿಕೆಯೇರಿ ಹಾರ ಹಾಕಿಸಿಕೊಳ್ಳುವ ಮುಖಂಡರಲ್ಲಿ ಎಷ್ಟು ಮಂದಿಗೆ ಈ ಸಂಗತಿಯ ನೆನಪಿದೆ? ಮುಂದೆ ಹರಿಹರದಲ್ಲಿ, ಎರಡು ಆಡಳಿತಗಳ ನಡುವೆ ಹರಿಯುತ್ತಿದ್ದ ತುಂಗಭದ್ರೆಯ ದಡದಲ್ಲಿ, ಸತ್ಯಾಗ್ರಹಾಶ್ರಮವನ್ನು ಕಟ್ಟಿದರು. 1927ರಲ್ಲಿ ಆಲಮಟ್ಟಿಗೆ ತೆರಳಿ ಅಲ್ಲಿಯೂ ಆಶ್ರಮವನ್ನೂ ವಿದ್ಯಾಲಯವನ್ನೂ ನಡೆಸಿದರು. ಸ್ವರಾಜ್ಯ ಬರಲು ಕೆಲವೇ ತಿಂಗಳಿರುವಾಗ, 1947ರ ಆದಿಯಲ್ಲಿ, ಕಣ್ಮುಚ್ಚಿದರು.

‘ಅವರು ಶಾಸಕರಾದರೇ? ಮಂತ್ರಿಗಳಾದರೇ? ಮತ್ತೆ ಇದೆಂಥ ರಾಜಕಾರಣ?’ ಎಂದು ಕೆಲವರು ಆಕ್ಷೇಪಿಸಬಹುದು. ಪ್ರಜೆಗೆ ತನ್ನ ಹಕ್ಕನ್ನೂ ಹೊಣೆಯನ್ನೂ ತಿಳಿಸಿಕೊಡುವುದು ರಾಜಕಾರಣವಲ್ಲದಿದ್ದರೆ ಮತ್ತಾವುದು? ಮಂಜಪ್ಪನವರು ಬಿಟ್ಟದ್ದು ಸಂಬಳವನ್ನು. ಪಾಠವನ್ನು ಅವರು ಒಂದು ದಿನವೂ ಬಿಡಲಿಲ್ಲ. ಪತ್ರಿಕೆಯೇ ಅವರ ಕರಿಹಲಗೆ, ಊರೇ ಅವರ ಶಾಲೆ. ಈಗಿನವರಲ್ಲಿ ಹಲವರು ಪಾಠವನ್ನು ಬಿಟ್ಟು ಹೆಚ್ಚಿನ ಸಂಬಳವನ್ನು ಹಿಡಿದವರು!

‘ಕರ್ನಾಟಕದ ಗಾಂಧಿ’ ಎಂಬ ಬಿರುದನ್ನು ಕೊಟ್ಟು ನಾವು ಅವರ ಋಣ ತೀರಿತೆಂದು ಭಾವಿಸಿದ್ದೇವೆ. ಬಿರುದಿನಿಂದ ಋಣ ತೀರದು. ದಾವಣಗೆರೆ, ಹರಿಹರದ ಮಹಾಜನರೇ! ಇನ್ನು ಮುಂದೆ ಮಾಜಿ ಮೇಷ್ಟ್ರೊಬ್ಬರು ಮತ ಕೇಳಲು ಬಾಗಿಲಿಗೆ ಬಂದರೆ ಅವರ ಪಕ್ಷವನ್ನೂ ಜಾತಿಯನ್ನೂ ಆಮೇಲೆ ವಿಚಾರಿಸಿರಿ. ಶಾಲೆ ಬಿಟ್ಟ ಮೇಲೆ ಊರಿಗೆ ಏನು ಕಲಿಸಿದಿರೆಂದು ಮೊದಲು ಕೇಳಿರಿ.